ಐದನೆಯ ಫೈಲು

ರಾತ್ರಿ ಹನ್ನೊಂದೂಕಾಲು. ಹನ್ನೆರಡಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ
ಮಿಸ್ ಗುಂಡರ್‌ಸನ್ ತೆರೆದಿಟ್ಟ ಪೋರ್ಟ್‌ಫೋಲಿಯೊ.
ಇಂಗ್ಲಿಷ್ ತರಗತಿಯ ಮೂರು ವರ್ಷದ ಬರಹವೆಲ್ಲ ಜಾಲಾಡಿ
ಆರು ಆರಿಸಬೇಕು.
ಒಂದೊಂದಕ್ಕೂ ಒಂದು ಚಿತ್ರ ಕಡ್ಡಾಯ,
ಕೆಳಗೊಂದು ಟಿಪ್ಪಣಿ:
ಇದರಿಂದ ನೀನು ಕಲಿತದ್ದೇನು?

ಮುಖಪುಟಕ್ಕೆ ಬಣ್ಣ ಹುಡುಕುವುದರಲ್ಲೇ ಒಂದು ತಾಸು ಹೋಯಿತು.
ನೀಲಿ ಹಾಕಿದೆ, ತೆಗೆದೆ. ಡುಲೂತಿನಲ್ಲಿ ಎಲ್ಲರೂ ನೀಲಿಯನ್ನೇ ಹಾಕುತ್ತಾರೆ,
ಕಿಟಕಿಯಾಚೆ ಅಷ್ಟು ದೊಡ್ಡ ಸರೋವರ ಬಿದ್ದುಕೊಂಡಿರುವಾಗ
ಬೇರೆ ಬಣ್ಣ ಹೊಳೆಯುವುದಾದರೂ ಹೇಗೆ.
ಕೊನೆಗೆ ತುಕ್ಕು. ಅದಿರಿನ ಹಡಗಿನ ಹೊಟ್ಟೆಯ ಬಣ್ಣ.

ಮೊದಲ ನಾಲ್ಕು ಸಲೀಸು.
ನಾಟಕದ ವಿಮರ್ಶೆ: "ಉದ್ಧರಣ ಚಿಹ್ನೆ ಹಾಕಲು ಕಲಿತೆ."
ಸಾನೆಟ್ಟು: "ಹದಿನಾಲ್ಕು ಸಾಲಿಗೆ ನಿಲ್ಲಿಸಲು ಕಲಿತೆ."
ಹೀಗೇ, ಬೆಣ್ಣೆ ಸವರಿದ ಬ್ರೆಡ್ಡಿನಂಥ ಮಾತು,
ಓದುವವರ ಗಂಟಲಲ್ಲಿ ತಾನಾಗಿ ಇಳಿಯುವಂಥದು.

ಐದನೆಯದು ನನ್ನ ನಾಯಿ ಸತ್ತ ಪ್ರಬಂಧ.
ಒಂಬತ್ತನೆಯ ತರಗತಿ. ಎ ಪ್ಲಸ್.
ಅಂಚಿನಲ್ಲಿ ಹಸಿರು ಶಾಯಿ, ಸ್ಕ್ಯಾನಿನಲ್ಲೂ ಮಾಸಿಲ್ಲ:
"ಐಲಾ, ಪುಲ್ಲಾಳನ್ನು ನಾನು ನೋಡಿಯೇ ಇಲ್ಲ. ಆದರೂ ಅತ್ತೆ."

ನೋಡುವುದಾದರೂ ಎಲ್ಲಿಂದ.
ನಮ್ಮ ಮನೆಯಲ್ಲಿ ನಾಯಿ ಇರಲೇ ಇಲ್ಲ.
ಬಾಡಿಗೆ ಕರಾರಿನಲ್ಲೇ ಇದೆ: ನಾಯಿ, ಬೆಕ್ಕು, ಪಿಯಾನೊ ಕೂಡದು.

ಸುಳ್ಳು ಸಣ್ಣದಿತ್ತು, ಅವರೇ ಅನ್ನ ಹಾಕಿ ಬೆಳೆಸಿದರು.
ವರಾಂಡದಲ್ಲಿ ಸಿಕ್ಕರೆ, "ಹೊಸ ಮರಿ ತಂದಿರಾ?"
ಕ್ರಿಸ್‌ಮಸ್ಸಿಗೆ ನನ್ನ ಮೇಜಿನ ಮೇಲೆ
ಎಲುಬಿನ ಆಕಾರದ ಒಂದು ಮೇಣದಬತ್ತಿ.
ಒಮ್ಮೆ ಅಂಗಡಿಯಲ್ಲಿ ಸಿಕ್ಕ ಅಮ್ಮನ ಕೈ ಹಿಡಿದು ಸಂತಾಪ ಹೇಳಿದರಂತೆ.
ಅಮ್ಮ, ಇನ್ನೊಂದು ಕೈಯಲ್ಲಿ ಮೊಟ್ಟೆಯ ಡಬ್ಬಿ,
"ಹೌದು, ಒಳ್ಳೆಯ ನಾಯಿ" ಅಂದಳಂತೆ.
ಮನೆಗೆ ಬಂದು ನನ್ನನ್ನು ಏನೂ ಕೇಳಲಿಲ್ಲ.
ಕೇಳದೆ ಬಿಟ್ಟ ಆ ಮಾತು
ಈಗಲೂ ಫ್ರಿಜ್ಜಿನ ಪಕ್ಕ ನಿಂತಿದೆ.

ಮೂರು ವರ್ಷದ ಮೇಲೆ ಇವತ್ತು ಓದಿದೆ.
ಅಲ್ಪವಿರಾಮಗಳೆಲ್ಲ ತಪ್ಪು ಜಾಗದಲ್ಲಿ.
"ಪುಲ್ಲಾ ಬಾಗಿಲ ಬಳಿ ಚಾಪೆಯ ಮೇಲೆ, ಮಲಗುತ್ತಿದ್ದಳು.
ಸೇತುವೆ ಮೇಲೇಳುವ ಗಂಟೆ ಕೇಳಿದರೆ ಕಿವಿ ನಿಮಿರಿಸುತ್ತಿದ್ದಳು.
ಉದ್ದ ಮೂರು, ಮೊಟಕು ಎರಡು, ಹಡಗು ಕೂಗಿದರೆ
ಯಾವ ಹಡಗೆಂದು ಅವಳಿಗೆ, ಗೊತ್ತು.
ಅಪ್ಪನದಲ್ಲದಿದ್ದರೆ ಮತ್ತೆ ಮೂತಿ ನೆಲಕ್ಕೆ."

ಚಾಪೆ ನಿಜ. ಕಂದು, ಒಂದು ಮೂಲೆ ಸುಟ್ಟದ್ದು.
ಅಪ್ಪ ನಿಜ. ಅದಿರಿನ ಹಡಗಿನಲ್ಲಿ ಅಡುಗೆಯವನು,
ಮಾರ್ಚಿನಲ್ಲಿ ಮಂಜುಗಡ್ಡೆ ಒಡೆದಾಗ ಹೋದರೆ
ಜನವರಿಯಲ್ಲಿ ನೀರು ಹೆಪ್ಪುಗಟ್ಟುವಾಗ ಬರುವವನು.
ಆ ವರ್ಷ ಹೆಪ್ಪುಗಟ್ಟಿತು. ಬರಲಿಲ್ಲ.
ಒಹಾಯೊದ ಬಂದರಿನಲ್ಲಿ ಅವನಿಗೆ
ಇನ್ನೊಂದು ಅಡುಗೆಮನೆ ಇದೆಯೆಂದು ಆಮೇಲೆ ತಿಳಿಯಿತು.
ಚಾಪೆಯ ಮೇಲೆ ಮಲಗುತ್ತಿದ್ದದ್ದು ಯಾರೆಂದು
ಅಮ್ಮನಿಗೆ ಅಂಗಡಿಯಲ್ಲೇ,
ಮೊಟ್ಟೆ ಹಿಡಿದು ನಿಂತಲ್ಲೇ ಗೊತ್ತಾಗಿರಬೇಕು.

ಹನ್ನೊಂದು ಐವತ್ತೊಂದು.
"ಸೂಕ್ಷ್ಮ ವಿವರ ಬಳಸಲು ಕಲಿತೆ" ಎಂದು ಬರೆದೆ. ಅಳಿಸಿದೆ.
"ನಾಯಿ ಇರಲಿಲ್ಲ" ಎಂದು ಬರೆದೆ.
ಕಪಾಟಿನಿಂದ ಮೇಣದಬತ್ತಿ ನೋಡಿತು. ಅಳಿಸಿದೆ.
ಫೈಲನ್ನೇ ತೆಗೆದುಹಾಕೋಣವೆಂದರೆ
ಉಳಿದ ಐದರಲ್ಲಿ ಒಂದಕ್ಕೂ ಉಸಿರಿಲ್ಲ.

ಪಾಳಿ ಮುಗಿಸಿ ಬಂದ ಅಮ್ಮ ಬೂಟು ಕಳಚಲು
ಚಾಪೆಯ ಮೇಲೆ ಒಂಟಿಕಾಲಲ್ಲಿ ನಿಂತಳು.
"ಇನ್ನೂ ಮಲಗಿಲ್ಲವೆ?"
"ಪುಲ್ಲಾಳ ಬಗ್ಗೆ ಬರೆಯುತ್ತಿದ್ದೇನೆ."
ಎರಡನೆಯ ಬೂಟು ಕೈಯಲ್ಲೇ ಉಳಿಯಿತು.
ಹೊರಗೆ ಯಾವುದೋ ಹಡಗು ಕೂಗಿತು, ನಾವಿಬ್ಬರೂ ಎಣಿಸಲಿಲ್ಲ,
ಅಥವಾ ಎಣಿಸಿದೆವು.
"ಅವಳಿಗೆ ಬೊಗಳುವುದು ಮಾತ್ರ ಬರುತ್ತಿರಲಿಲ್ಲ,"
ಅಂದಳು ಅಮ್ಮ. "ಅದನ್ನೂ ಬರೆ."

ಬರೆದೆ. ಚಿತ್ರಕ್ಕೆ ಆ ಚಾಪೆಯನ್ನೇ ಫೋನಿನಲ್ಲಿ ಹಿಡಿದೆ,
ಸುಟ್ಟ ಮೂಲೆ, ಒಂದೇ ಬೂಟು, ಕರಗುತ್ತಿರುವ ಸ್ವಲ್ಪ ಹಿಮ.
ಹನ್ನೊಂದು ಐವತ್ತೆಂಟಕ್ಕೆ ಒತ್ತಿದೆ.
ಅಂಚಿನಲ್ಲಿ ಹಸಿರು ಶಾಯಿಗೆ
ಜಾಗ ಬಿಟ್ಟಿದ್ದೇನೆ.